ಖಾಲಿ ಚೀಲವನ್ನು ಪ್ಯಾಕಿಂಗ್ ಮೆಷಿನ್ನಿಗೆ ಕೊಡುವ ಬೆಲ್ಟು: ಅದು ಏನು, ಹೇಗೆ ಕೆಲಸ ಮಾಡುತ್ತದೆ?

"ಪ್ಯಾಕಿಂಗ್‌ಗೆ ಜನ ಸಿಗುತ್ತಿಲ್ಲ, ಒಂದು ಮೆಷಿನ್ ಹಾಕಿಬಿಡೋಣ." ಕಾರ್ಕಳ, ಕುಂದಾಪುರ ಕಡೆಯ ಕುಚ್ಚಲಕ್ಕಿ ಮಿಲ್ಲಿರಲಿ, ಬೈಕಂಪಾಡಿಯ ಗೇರುಬೀಜದ ಕಾರ್ಖಾನೆಯಿರಲಿ, ಮಸಾಲೆಪುಡಿ ಮಾಡುವ ಮಹಿಳಾ ಸಂಘವಿರಲಿ, ಈ ಮಾತು ಈಗ ಎಲ್ಲ ಕಡೆ ಕೇಳುತ್ತದೆ. 2020ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಖರ್ಚಿನ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇಟ್ಟ ಮೇಲಂತೂ ಸಣ್ಣವರೂ ಧೈರ್ಯ ಮಾಡಿ ಕೊಟೇಶನ್ ತರಿಸಿಕೊಳ್ಳುತ್ತಿದ್ದಾರೆ.

ಆ ಕೊಟೇಶನ್ನಿನಲ್ಲಿ ತೂಕ ಮಾಡುವ ಭಾಗ, ತುಂಬುವ ಭಾಗ, ಬಾಯಿ ಮುಚ್ಚುವ ಭಾಗ ಹೇಗೋ ಅರ್ಥವಾಗುತ್ತದೆ. ಅದರ ಕೆಳಗೆ 'ಬ್ಯಾಗ್ ಮ್ಯಾಗಝಿನ್ ಕನ್ವೇಯರ್', 'ವ್ಯಾಕ್ಯೂಮ್ ಪಿಕ್‌ಅಪ್' ಅಂತ ಒಂದು ಸಾಲು, ಎದುರಿಗೆ ದೊಡ್ಡ ಮೊತ್ತ. ಖಾಲಿ ಚೀಲ ಇಡುವುದಕ್ಕೆ ಒಂದು ಬೆಲ್ಟು, ಅದಕ್ಕೆ ಇಷ್ಟು ದುಡ್ಡಾ ಅಂತ ಅನಿಸುವುದು ಸಹಜ. ಆದರೆ ಮೆಷಿನ್ ಸರಾಗವಾಗಿ ಓಡುತ್ತದೋ, ಗಂಟೆಗೊಂದು ಸಲ ನಿಂತು ನಿಮ್ಮ ತಾಳ್ಮೆ ಪರೀಕ್ಷೆ ಮಾಡುತ್ತದೋ ಅನ್ನುವುದು ಬಹುಪಾಲು ತೀರ್ಮಾನವಾಗುವುದು ಈ ಒಂದು ಸಾಲಿನಲ್ಲಿ. ಹಾಗಾಗಿ ಅದನ್ನೇ ಬಿಡಿಸಿ ನೋಡೋಣ.

ಎಲ್ಲ ಪ್ಯಾಕಿಂಗ್ ಮೆಷಿನ್ನಿಗೂ ಚೀಲ ಕೊಡಬೇಕಾ?

ಇಲ್ಲ. ಮೊದಲು ಇದೊಂದು ಗೊತ್ತಿರಲಿ. ಪ್ಯಾಕಿಂಗ್ ಮೆಷಿನ್ನುಗಳಲ್ಲಿ ಎರಡು ಬಗೆ.

ಒಂದರಲ್ಲಿ ಪ್ಲಾಸ್ಟಿಕ್ ಹಾಳೆಯ ದೊಡ್ಡ ಸುರುಳಿ ಹಾಕುತ್ತಾರೆ. ಮೆಷಿನ್ನೇ ಆ ಹಾಳೆಯನ್ನು ಕೊಳವೆಯಂತೆ ಸುತ್ತಿ, ಅಂಚು ಬೆಸೆದು, ಒಳಗೆ ಸರಕು ಸುರಿದು, ಮೇಲೆ ಕೆಳಗೆ ಮುಚ್ಚಿ ಕತ್ತರಿಸುತ್ತದೆ. ಅಂಗಡಿಯಲ್ಲಿ ತೂಗು ಹಾಕಿರುವ ಚಿಪ್ಸ್ ಪ್ಯಾಕೆಟ್ಟು, ಹಾಲಿನ ತೊಟ್ಟೆ ಎಲ್ಲ ಹೀಗೆ ಬಂದವು. ಇಲ್ಲಿ ಚೀಲ ಹುಟ್ಟುವುದೇ ಮೆಷಿನ್ನಿನೊಳಗೆ. ಖಾಲಿ ಚೀಲ ಕೊಡುವ ಪ್ರಶ್ನೆಯೇ ಇಲ್ಲ.

ಇನ್ನೊಂದರಲ್ಲಿ ಚೀಲ ಮೊದಲೇ ತಯಾರಾಗಿ ಕಟ್ಟು ಕಟ್ಟಾಗಿ ಬಂದಿರುತ್ತದೆ. ಜಿಪ್ ಇರುವ, ನೆಟ್ಟಗೆ ನಿಲ್ಲುವ ಗೋಡಂಬಿ ಪೌಚ್, 10 ಕೆಜಿ, 25 ಕೆಜಿ ಅಕ್ಕಿಯ ಪ್ಲಾಸ್ಟಿಕ್ ಗೋಣಿ, ಹಿಂಡಿಯ ಚೀಲ, ಗೊಬ್ಬರದ ಚೀಲ, ಇವೆಲ್ಲ ಈ ಬಗೆ. ಯಾರಾದರೂ ಒಂದೊಂದೇ ಖಾಲಿ ಚೀಲ ತೆಗೆದು, ಬಾಯಿ ಬಿಡಿಸಿ, ಸರಕು ಬೀಳುವ ಬಾಯಿಗೆ ಸಿಕ್ಕಿಸಬೇಕು. ಈಗ ಹೆಚ್ಚಿನ ಕಡೆ ಕೈಯಲ್ಲೇ ಮಾಡುತ್ತಾರೆ. ಆ ಕೈಯ ಜಾಗದಲ್ಲಿ ಬರುವುದೇ ನಾವು ಮಾತಾಡುತ್ತಿರುವ ಬೆಲ್ಟು.

ಸಾಗಿಸುವುದು ಸುಲಭ, ಒಂದೊಂದಾಗಿ ಕೊಡುವುದು ಕಷ್ಟ

ಕನ್ವೇಯರ್ ಅಂದ ಕೂಡಲೇ ಸಾಮಾನು ಇಲ್ಲಿಂದ ಅಲ್ಲಿಗೆ ಒಯ್ಯುವ ಪಟ್ಟಿ ಕಣ್ಣಿಗೆ ಬರುತ್ತದೆ. ಇಲ್ಲಿ ಒಯ್ಯುವ ದೂರ ಒಂದೆರಡು ಮೀಟರ್ ಅಷ್ಟೇ. ನಿಜವಾದ ಕೆಲಸ ಬೇರೆ.

ನಮ್ಮ ಊರಿನ ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಬಡಿಸುವವರಿಗಿಂತ ಮುಂಚೆ ಎಲೆ ಹಾಕುವವರು ಹೋಗುತ್ತಾರೆ. ಒಬ್ಬರಿಗೆ ಒಂದೇ ಎಲೆ, ಕುಡಿ ಎಡಕ್ಕೆ. ಎರಡು ಎಲೆ ಅಂಟಿಕೊಂಡು ಬಂದರೆ ಬಿಡಿಸಬೇಕು. ಎಲೆ ಬೀಳುವ ಮೊದಲೇ ಅನ್ನದ ಪಾತ್ರೆ ಬಂದರೆ ಬಡಿಸುವವರು ನಿಲ್ಲಬೇಕು. ಖಾಲಿ ಚೀಲದ ಕನ್ವೇಯರ್ ಮಾಡುವುದು ಈ ಎಲೆ ಹಾಕುವ ಕೆಲಸವನ್ನು. ಒಂದು ಸಲಕ್ಕೆ ಒಂದೇ ಚೀಲ, ಸರಿಯಾದ ಮುಖ ಮಾಡಿ, ಸರಿಯಾದ ಹೊತ್ತಿಗೆ.

ಮುಖ ಮಾಡುವುದು ಯಾಕೆ ಮುಖ್ಯ? ಪೌಚಿನ ಮೇಲೆ ತಯಾರಾದ ತಿಂಗಳು, ಬೆಲೆ ಇತ್ಯಾದಿ ಹಾಕುವುದಕ್ಕೆ ಸಣ್ಣ ಖಾಲಿ ಜಾಗ ಬಿಟ್ಟಿರುತ್ತಾರೆ. 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮದ ಪ್ರಕಾರ ನಿವ್ವಳ ತೂಕ, ಬೆಲೆ, ತಿಂಗಳು-ವರ್ಷ, ಪ್ಯಾಕ್ ಮಾಡಿದವರ ವಿಳಾಸ ಪ್ಯಾಕೆಟ್ಟಿನ ಮೇಲೆ ಓದುವ ಹಾಗೆ ಇರಲೇಬೇಕು. ಇದರಲ್ಲಿ ತಾರೀಕನ್ನು ಒತ್ತುವುದು ಪ್ಯಾಕಿಂಗ್ ಮೆಷಿನ್ನಿನಲ್ಲೇ. ಪೌಚ್ ತಿರುವು ಮುರುವಾಗಿ ಬಂದರೆ ತಾರೀಕು ಗೋಡಂಬಿಯ ಚಿತ್ರದ ಮೇಲೆ ಬೀಳುತ್ತದೆ, ಓದಲಿಕ್ಕೆ ಆಗುವುದಿಲ್ಲ. ಬಾಯಿ ಕೆಳಗಾಗಿ ಬಂದರಂತೂ ತುಂಬಲಿಕ್ಕೇ ಆಗುವುದಿಲ್ಲ.

ಎಷ್ಟು ಸೆಕೆಂಡು ಸಿಗುತ್ತದೆ?

ಹೊತ್ತಿನ ಲೆಕ್ಕ ಎಲ್ಲಕ್ಕಿಂತ ಮುಂಚೆ ಮಾಡಬೇಕಾದದ್ದು. ಕಾಗದ ಪೆನ್ನು ಸಾಕು.

ಒಂದು ಮಿಲ್ಲು ಗಂಟೆಗೆ 4 ಟನ್ ಅಕ್ಕಿಯನ್ನು 25 ಕೆಜಿ ಚೀಲಕ್ಕೆ ತುಂಬುತ್ತದೆ ಅಂದುಕೊಳ್ಳಿ. ಅಂದರೆ ಗಂಟೆಗೆ 160 ಚೀಲ. ಒಂದು ಚೀಲಕ್ಕೆ 22 ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಇಷ್ಟು ಹೊತ್ತಿನಲ್ಲಿ ಒಬ್ಬರು ಆರಾಮವಾಗಿ ಚೀಲ ತೆಗೆದು, ಬಾಯಿ ಬಿಡಿಸಿ, ಸಿಕ್ಕಿಸಬಹುದು. ಇಲ್ಲಿ ಖಾಲಿ ಚೀಲಕ್ಕಾಗಿ ಮೆಷಿನ್ ಹಾಕುವುದು ದುಂದು ಅಂತಲೇ ನನ್ನ ಅನಿಸಿಕೆ. ಅದೇ ದುಡ್ಡನ್ನು ಒಳ್ಳೆಯ ತೂಕದ ಮೆಷಿನ್ನಿಗೆ, ಹೊಲಿಗೆಯ ಬೆಲ್ಟಿಗೆ ಹಾಕಬಹುದು.

ಗಂಟೆಗೆ 600 ಚೀಲ ಬೇಕೆಂದರೆ ಒಂದಕ್ಕೆ 6 ಸೆಕೆಂಡು. ಸ್ವಲ್ಪ ಹೊತ್ತು ಕೈ ಓಡುತ್ತದೆ. ಪಾಳಿ ಪೂರ್ತಿ ಓಡಿಸಿದರೆ ಭುಜ ಬಿದ್ದುಹೋಗುತ್ತದೆ. ಇನ್ನು ನಿಮಿಷಕ್ಕೆ 40 ಗೋಡಂಬಿ ಪೌಚ್ ಅಂದರೆ ಒಂದಕ್ಕೆ ಒಂದೂವರೆ ಸೆಕೆಂಡು. ಇದು ಮನುಷ್ಯರ ಕೈಗೆ ಹೇಳಿದ್ದಲ್ಲ. ಹಾಗಾಗಿ ಪೌಚ್ ಮೆಷಿನ್ನುಗಳಲ್ಲಿ ಈ ಬೆಲ್ಟು ಮೊದಲಿನಿಂದಲೇ ಜೊತೆಗಿರುತ್ತದೆ. ದೊಡ್ಡ ಚೀಲದವರು ಮಾತ್ರ ಬೇಕೋ ಬೇಡವೋ ಅಂತ ಲೆಕ್ಕ ಹಾಕಬೇಕು.

ಚೀಲಗಳು ಸಾಲು ನಿಲ್ಲುವ ಜಾಗ

ಮ್ಯಾಗಝಿನ್ ಅಂದರೆ ಇಲ್ಲಿ ಖಾಲಿ ಚೀಲಗಳನ್ನು ಸಾಲಾಗಿ ಜೋಡಿಸಿಡುವ ತಟ್ಟೆ. ಅದರ ತಳದಲ್ಲಿ ಒಂದು ಅಥವಾ ಎರಡು ಸಪೂರ ಬೆಲ್ಟು ಮೆಲ್ಲಗೆ ಮುಂದೆ ಸರಿಯುತ್ತದೆ. ಎರಡೂ ಪಕ್ಕದಲ್ಲಿ ಚೀಲದ ಅಗಲಕ್ಕೆ ಸರಿಯಾಗಿ ಹೊಂದಿಸುವ ಪಟ್ಟಿಗಳು. ಎದುರಿಗೆ ಒಂದು ತಡೆ.

ಚೀಲಗಳನ್ನು ಒಂದರ ಮೇಲೊಂದು ಪೂರ್ತಿ ಮುಚ್ಚುವಂತೆ ಇಡುವುದಿಲ್ಲ. ಒಂದರ ಅಂಚು ಇನ್ನೊಂದರಿಂದ ಸ್ವಲ್ಪ ಹೊರಗೆ ಕಾಣುವಂತೆ ಹಾಸುತ್ತಾರೆ. ಹೀಗೆ ಹಾಸಿದರೆ ಎರಡು ಲಾಭ. ಪ್ರತಿ ಚೀಲದ ಅಂಚು ಬಿಡಿಬಿಡಿಯಾಗಿ ಸಿಗುತ್ತದೆ. ಕೆಳಗಿನದರ ಮೇಲೆ ಮೇಲಿನವುಗಳ ಒತ್ತಡವೂ ಕಡಿಮೆ. ಸಾಲಿನ ತುದಿಯ ಚೀಲ ತಡೆಗೆ ತಾಗಿ ನಿಂತಾಗ ಒಂದು ಸೆನ್ಸರ್ ಅದನ್ನು ನೋಡಿ ಬೆಲ್ಟನ್ನು ನಿಲ್ಲಿಸುತ್ತದೆ. ಆ ಚೀಲ ಹೋದ ಕೂಡಲೇ ಬೆಲ್ಟು ಮತ್ತೆ ಸ್ವಲ್ಪ ಸರಿಯುತ್ತದೆ. ಸರಿಯುವುದು, ನಿಲ್ಲುವುದು, ಸರಿಯುವುದು. ದಿನವಿಡೀ ಇದೇ.

ಬೆಲ್ಟಿನ ಉದ್ದ ಯಾಕೆ ಕೇಳಬೇಕು ಅಂದರೆ, ಚೀಲ ಜೋಡಿಸುವವರಿಗೆ ಎಷ್ಟು ಬಿಡುವು ಸಿಗುತ್ತದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ. 1.2 ಮೀಟರ್ ಬೆಲ್ಟಿನಲ್ಲಿ ಸೆಂಟಿಮೀಟರಿಗೆ ಒಂದರಂತೆ ಪೌಚ್ ಹಾಸಿದರೆ 120 ಹಿಡಿಯುತ್ತದೆ. ನಿಮಿಷಕ್ಕೆ 40 ಓಡಿದರೆ ಮೂರೇ ನಿಮಿಷಕ್ಕೆ ಖಾಲಿ. ಜೋಡಿಸುವವರು ಅಲ್ಲಿಂದ ಕದಲುವ ಹಾಗಿಲ್ಲ. ಬೆಲ್ಟು 3.6 ಮೀಟರ್ ಇದ್ದರೆ ಒಂಬತ್ತು ನಿಮಿಷ. ಅಷ್ಟರಲ್ಲಿ ಒಬ್ಬರು ಹೊಸ ಕಟ್ಟು ಬಿಚ್ಚಿ, ತುಂಬಿದ ಪೌಚ್‌ಗಳನ್ನು ಬಾಕ್ಸಿಗೆ ಹಾಕಿ ಬರಬಹುದು. "ಜನ ಬೇಡ" ಅಂತ ಮಾರುವವರು ಹೇಳಿದರೆ ಪೂರ್ತಿ ನಂಬಬೇಡಿ. ಜೋಡಿಸಲಿಕ್ಕೆ ಜನ ಬೇಕೇ ಬೇಕು.

ಗಾಳಿ ಹೀರಿ ಎತ್ತುವುದು

ಕೊಟೇಶನ್ನಿನ 'ವ್ಯಾಕ್ಯೂಮ್ ಪಿಕ್‌ಅಪ್' ಅಂದರೆ ಇದೇ. ಇಡೀ ವ್ಯವಸ್ಥೆಯಲ್ಲಿ ಅತಿ ಸೂಕ್ಷ್ಮವಾದ ಜಾಗ ಇದು.

ಸಾಲಿನ ತುದಿಯಲ್ಲಿರುವ ಚೀಲದ ಮೇಲೆ ರಬ್ಬರಿನ ಸಣ್ಣ ಬಟ್ಟಲುಗಳು ಬಂದು ಕೂರುತ್ತವೆ. ಹೆಚ್ಚಾಗಿ ಇವು ಮಡಿಕೆ ಮಡಿಕೆಯಾಗಿ, ಒತ್ತಿದರೆ ಕುಗ್ಗುವ ಹಾಗಿರುತ್ತವೆ. ಹಿಂದಿನ ಪೈಪಿನಿಂದ ಗಾಳಿ ಹೀರಿದಾಗ ಬಟ್ಟಲಿನೊಳಗೆ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಚೀಲವನ್ನು ಬಟ್ಟಲಿಗೆ ಒತ್ತಿ ಹಿಡಿಯುತ್ತದೆ. ಬಟ್ಟಲು ಎಳೆಯುವುದಲ್ಲ, ಹೊರಗಿನ ಗಾಳಿ ತಳ್ಳುವುದು.

ಈ ತಳ್ಳುವ ಬಲ ಎಷ್ಟು? ಗಾಳಿಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ. 4 ಸೆಂಟಿಮೀಟರ್ ಅಗಲದ ಒಂದು ಬಟ್ಟಲಿನ ವಿಸ್ತೀರ್ಣ ಹನ್ನೆರಡೂವರೆ ಚದರ ಸೆಂಟಿಮೀಟರ್. ಒಳಗಿನ ಗಾಳಿಯಲ್ಲಿ ಅರ್ಧ ಹೀರಿದರೂ ಲೆಕ್ಕದಲ್ಲಿ ಆರು ಕೆಜಿ ಹಿಡಿಯುತ್ತದೆ. ಖಾಲಿ ಅಕ್ಕಿ ಚೀಲದ ತೂಕ ಗ್ರಾಮ್‌ಗಳಲ್ಲಿ. ಹಾಗಾದರೆ ಸಮಸ್ಯೆ ಎಲ್ಲಿಂದ?

ಸೋರಿಕೆಯಿಂದ. ಪ್ಲಾಸ್ಟಿಕ್ ಗೋಣಿಯನ್ನು ಬೆಳಕಿಗೆ ಹಿಡಿದು ನೋಡಿ. ಸಪೂರ ಪ್ಲಾಸ್ಟಿಕ್ ಪಟ್ಟಿಗಳನ್ನು ಚಾಪೆಯಂತೆ ನೇಯ್ದಿರುತ್ತಾರೆ, ಪಟ್ಟಿಗಳು ಕೂಡುವಲ್ಲಿ ಸೂಜಿಮೊನೆಯಷ್ಟು ಸಂದುಗಳು. ಹೀರಿದ ಗಾಳಿ ಆ ಸಂದುಗಳಿಂದ ಒಳಗೆ ನುಗ್ಗುತ್ತಲೇ ಇರುತ್ತದೆ. ಒತ್ತಡ ಇಳಿಯುವುದಿಲ್ಲ, ಹಿಡಿತ ಸಿಗುವುದಿಲ್ಲ. ಇನ್ನೂ ತಮಾಷೆ ಏನೆಂದರೆ, ಮೇಲಿನ ಚೀಲದ ಸಂದುಗಳ ಮೂಲಕ ಕೆಳಗಿನ ಚೀಲವನ್ನೂ ಹೀರಿಕೊಂಡು ಎರಡನ್ನೂ ಒಟ್ಟಿಗೆ ಎತ್ತಿಬಿಡುತ್ತದೆ. ಇದಕ್ಕಾಗಿ ನೇಯ್ದ ಚೀಲಕ್ಕೆ ದೊಡ್ಡ ಪ್ರಮಾಣದಲ್ಲಿ ಗಾಳಿ ಎಳೆಯುವ ಬ್ಲೋವರ್ ಬೇಕಾಗುತ್ತದೆ. ಮೇಲೆ ನುಣುಪಾದ ಪದರ ಅಂಟಿಸಿದ, ಬಣ್ಣದ ಚಿತ್ರವಿರುವ ಅಕ್ಕಿ ಚೀಲಗಳು ಬರುತ್ತವಲ್ಲ, ಅವುಗಳಲ್ಲಿ ಈ ತೊಂದರೆ ತುಂಬಾ ಕಡಿಮೆ. ಸೆಣಬಿನ ಗೋಣಿಯನ್ನಂತೂ ಗಾಳಿಯಿಂದ ಎತ್ತುವುದು ತುಂಬಾ ಕಷ್ಟ. ಅದಕ್ಕೆ ಸಣ್ಣ ಸೂಜಿಗಳು ಓರೆಯಾಗಿ ಚುಚ್ಚಿ ಹಿಡಿಯುವ ಬೇರೆಯೇ ಹಿಡಿ ಇದೆ.

ಎತ್ತಿದ ಮೇಲೆ ಬಾಯಿ ಬಿಡಿಸಬೇಕು. ಚೀಲದ ಎರಡು ಮುಖಕ್ಕೂ ಎದುರು ಬದುರಾಗಿ ಬಟ್ಟಲುಗಳು ಹಿಡಿದು ಹೊರಕ್ಕೆ ಎಳೆಯುತ್ತವೆ. ಕೆಲವು ಮೆಷಿನ್‌ಗಳಲ್ಲಿ ಮೇಲಿಂದ ಗಾಳಿಯನ್ನೂ ಊದುತ್ತಾರೆ. ಇಲ್ಲಿ ಒಂದು ಸಣ್ಣ ವಿಷಯ ದೊಡ್ಡ ತಲೆನೋವಾಗುತ್ತದೆ. ಪ್ಲಾಸ್ಟಿಕ್ ಗೋಣಿಯ ಬಟ್ಟೆಯನ್ನು ನೂಲು ಬಿಡದ ಹಾಗೆ ಬಿಸಿ ಬ್ಲೇಡಿನಿಂದ ಕತ್ತರಿಸುತ್ತಾರೆ. ಬಿಸಿ ಸ್ವಲ್ಪ ಜಾಸ್ತಿಯಾದರೆ ಬಾಯಿಯ ಎರಡು ಅಂಚುಗಳೂ ಕರಗಿ ಅಲ್ಲಲ್ಲಿ ಅಂಟಿಕೊಳ್ಳುತ್ತವೆ. ಕೈಯಲ್ಲಾದರೆ ಬೆರಳು ಹಾಕಿ 'ಚರ್' ಅಂತ ಬಿಡಿಸಿ ಮುಂದೆ ಹೋಗುತ್ತೇವೆ, ಗಮನಕ್ಕೂ ಬರುವುದಿಲ್ಲ. ಮೆಷಿನ್ನಿಗೆ ಬೆರಳಿಲ್ಲ. ಬಾಯಿ ಬಿಡಿಸಲಾಗದೆ ನಿಂತುಬಿಡುತ್ತದೆ.

ಒಳ್ಳೆಯ ಮೆಷಿನ್ನಿನಲ್ಲಿ ಹೀರುವ ಪೈಪಿಗೆ ಒಂದು ಸೆನ್ಸರ್ ಇರುತ್ತದೆ. ಒತ್ತಡ ಬೇಕಾದಷ್ಟು ಇಳಿಯದಿದ್ದರೆ ಚೀಲ ಸಿಕ್ಕಿಲ್ಲ ಅಥವಾ ಬಾಯಿ ಬಿಟ್ಟಿಲ್ಲ ಅಂತ ಅರ್ಥ. ಆಗ ತುಂಬುವ ಬಾಗಿಲು ತೆರೆಯುವುದೇ ಇಲ್ಲ. 'ನೋ ಬ್ಯಾಗ್, ನೋ ಫಿಲ್' ಅಂತ ಕೊಟೇಶನ್ನಿನಲ್ಲಿ ಬರೆದಿರುವುದು ಇದನ್ನೇ. ಇದಿಲ್ಲದಿದ್ದರೆ 25 ಕೆಜಿ ಅಕ್ಕಿ ನೇರ ನೆಲಕ್ಕೆ.

ತುಂಬಿದ ಮೇಲೆ ಇನ್ನೊಂದು ಬೆಲ್ಟು

ತುಂಬಿದ ಚೀಲ ಕೆಳಗಿನ ಬೆಲ್ಟಿನ ಮೇಲೆ ನೆಟ್ಟಗೆ ನಿಂತು ಹೊಲಿಗೆ ಮೆಷಿನ್ನಿನ ಕಡೆ ಹೋಗುತ್ತದೆ. ಇಲ್ಲಿರುವ ನಿಯಮ ಒಂದೇ. ಬೆಲ್ಟಿನ ವೇಗವೂ ಹೊಲಿಗೆ ಮೆಷಿನ್ ಬಟ್ಟೆ ಎಳೆಯುವ ವೇಗವೂ ಒಂದೇ ಇರಬೇಕು. ಬೆಲ್ಟು ಜೋರಾದರೆ ಚೀಲದ ಬುಡ ಮುಂದೆ ಹೋಗಿ ತಲೆ ಹಿಂದೆ ಉಳಿಯುತ್ತದೆ, ಹೊಲಿಗೆ ಓರೆಯಾಗುತ್ತದೆ. ಮೆಲ್ಲಗಾದರೆ ಅದರ ಉಲ್ಟಾ. ಹೊಲಿಗೆ ಸೊಟ್ಟ ಬರುತ್ತಿದ್ದರೆ ಎಲ್ಲರೂ ಸೂಜಿ, ದಾರ ನೋಡುತ್ತಾರೆ. ಮೊದಲು ವೇಗ ನೋಡುವುದು ಒಳ್ಳೆಯದು.

ಚೀಲದ ಎತ್ತರ ಬದಲಾದರೆ ಬೆಲ್ಟನ್ನೂ ಏರಿಸಿ ಇಳಿಸಬೇಕು. ಚೀಲದ ಅಳತೆ ಒಂದೇ ಇರುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. 2018ರಲ್ಲಿ ಯೂರಿಯಾ ಚೀಲ 50 ಕೆಜಿಯಿಂದ 45 ಕೆಜಿಗೆ ಇಳಿಯಿತು. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಹಾಕಿದ ಅಕ್ಕಿ ಪ್ಯಾಕಿಗೆ ಶೇ. 5 ಜಿಎಸ್‌ಟಿ ಬಂದಾಗ ಮಾರುಕಟ್ಟೆಗೆ 26 ಕೆಜಿಯ ಚೀಲ ಬಂತು. ಹಾಗಾಗಿ ಅಳತೆ ಬದಲಿಸುವುದು ಹ್ಯಾಂಡಲ್ ತಿರುಗಿಸಿ ಆಗುತ್ತದೋ, ಸ್ಪ್ಯಾನರ್ ಹಿಡಿದು ಅರ್ಧ ದಿನ ಕೂರಬೇಕೋ ಅಂತ ಕೇಳಿಕೊಳ್ಳಿ.

ನಮ್ಮ ಮಳೆ, ನಮ್ಮ ಉಪ್ಪುಗಾಳಿ

ಈ ಮೆಷಿನ್ನುಗಳಲ್ಲಿ ಬಹಳಷ್ಟನ್ನು ಒಣ ಹವೆಯ ಊರುಗಳಲ್ಲಿ ಜೋಡಿಸಿ, ಓಡಿಸಿ ನೋಡಿರುತ್ತಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಅಲ್ವಾ? ಮೆಷಿನ್ನಿಗೂ ಅದರ ಬಿಸಿ ತಟ್ಟುತ್ತದೆ.

ಮೊದಲನೆಯದು ಕಂಪ್ರೆಸರ್, ಅಂದರೆ ಮೆಷಿನ್ನಿನ ಭಾಗಗಳನ್ನು ಮುಂದೆ ಹಿಂದೆ ತಳ್ಳುವ ಸಿಲಿಂಡರುಗಳಿಗೆ ಹಿಂಡಿದ ಗಾಳಿ ಕೊಡುವ ಯಂತ್ರ. ಅದು ಸುತ್ತಲಿನ ಒದ್ದೆ ಗಾಳಿಯನ್ನೇ ಎಳೆದು ಹಿಂಡುತ್ತದೆ. ಹಿಂಡಿದ ಗಾಳಿ ತಣ್ಣಗಾದಾಗ ಅದರಲ್ಲಿದ್ದ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ದಿನಾ ಬಿಡದಿದ್ದರೆ ಆ ನೀರು ಪೈಪು ಹಿಡಿದು ವಾಲ್ವಿಗೆ, ಸಿಲಿಂಡರಿಗೆ ಬರುತ್ತದೆ. ವಾಲ್ವ್ ಅಂಟಿಕೊಂಡು ಬಟ್ಟಲು ಅರ್ಧ ಸೆಕೆಂಡು ತಡವಾಗಿ ಬಿಟ್ಟರೆ ಸಾಕು, ಪೌಚ್ ಸಾಲಿನ ತಾಳವೇ ತಪ್ಪುತ್ತದೆ. ಮಳೆಗಾಲಕ್ಕೆ ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್ ಇರಲೇಬೇಕು. ಕೊಟೇಶನ್ನಿನಲ್ಲಿ ಹೆಚ್ಚಾಗಿ ಅದನ್ನು ಸೇರಿಸಿರುವುದಿಲ್ಲ.

ಎರಡನೆಯದು ಚೀಲವೇ. ಕಾಗದದ ಪದರವಿರುವ ಚೀಲ ತೇವ ಕುಡಿದು ಸೊಟ್ಟಗಾಗುತ್ತದೆ. ನುಣುಪು ಪೌಚ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಸಿಗೆಯ ಒಣ ದಿನಗಳಲ್ಲಿ, ಎಸಿ ಕೋಣೆಯಲ್ಲಿ ಇನ್ನೊಂದು ತೊಂದರೆ. ಪ್ಲಾಸ್ಟಿಕ್ ಉಜ್ಜಿ ಹುಟ್ಟುವ ವಿದ್ಯುತ್ತಿನಿಂದ ಅವು ಸೆಳೆದುಕೊಂಡು ಕೂರುತ್ತವೆ. ಎರಡಕ್ಕೂ ಅಗ್ಗದ ಮದ್ದು ಇದೆ. ಕಟ್ಟನ್ನು ಹಲಗೆಯ ಮೇಲೆ, ಗೋಡೆಯಿಂದ ದೂರ, ಮುಚ್ಚಿ ಇಡುವುದು. ಬೆಲ್ಟಿಗೆ ಹಾಕುವ ಮೊದಲು ಇಸ್ಪೀಟು ಎಲೆ ಸರಿಸುವ ಹಾಗೆ ಅಂಚನ್ನು ಹೆಬ್ಬೆರಳಿನಿಂದ ಸರಸರ ಬಿಡಿಸಿ ಒಳಗೆ ಗಾಳಿಯಾಡಿಸುವುದು. ಈ ಒಂದು ಅಭ್ಯಾಸ ಎರಡೆರಡು ಚೀಲ ಬರುವುದನ್ನು ಗಣನೀಯವಾಗಿ ಇಳಿಸುತ್ತದೆ.

ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ಹೆಚ್ಚು ಕಾಲ ಬಾಳುವುದಿಲ್ಲ. ಚೀಲ ತಾಗುವ ಭಾಗ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಸೆನ್ಸರಿನ ಕಣ್ಣಿಗೆ ತವುಡು, ಗೇರುಬೀಜದ ಸಿಪ್ಪೆಯ ಹುಡಿ ಕೂತರೆ ಚೀಲ ಇಲ್ಲದಿದ್ದರೂ ಇದೆ ಅನ್ನುತ್ತದೆ. ಪಾಳಿಗೊಮ್ಮೆ ಒಣ ಬಟ್ಟೆಯಲ್ಲಿ ಒರೆಸಬೇಕು. ಪಾರದರ್ಶಕ ಪೌಚನ್ನು ಮಾಮೂಲಿ ಸೆನ್ಸರ್ ಕಾಣುವುದೇ ಇಲ್ಲ, ಅದಕ್ಕೆ ಬೇರೆ ಬಗೆಯದು ಬೇಕು.

ಸೆರಗು, ಕೂದಲು, ಬೆರಳು

ಗೇರುಬೀಜದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರು. ಬೆಲ್ಟು ರೋಲರಿನ ಮೇಲೆ ತಿರುಗುವ ಜಾಗ ಸೆರಗನ್ನು, ದುಪಟ್ಟಾವನ್ನು, ಬಿಟ್ಟ ಜಡೆಯನ್ನು ಕ್ಷಣದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಮೆಲ್ಲಗೆ ಓಡುವ ಬೆಲ್ಟಾದರೂ ಅಷ್ಟೇ. ಆ ಜಾಗಕ್ಕೆ ತಗಡಿನ ಅಥವಾ ಜಾಲರಿಯ ಕವಚ ಇರಲೇಬೇಕು. 1948ರ ಫ್ಯಾಕ್ಟರಿ ಕಾಯಿದೆಯೇ ತಿರುಗುವ ಭಾಗಗಳಿಗೆ ಬೇಲಿ ಹಾಕಬೇಕು ಅಂತ ಹೇಳಿತ್ತು. ಸಣ್ಣ ಘಟಕ, ನಮಗೆ ಕಾನೂನು ತಾಗುವುದಿಲ್ಲ ಅಂತ ಬಿಡುವ ವಿಷಯ ಇದಲ್ಲ. ಅಲ್ಲಿ ಕೆಲಸ ಮಾಡುವವರು ನಮ್ಮ ನೆರೆಹೊರೆಯವರೇ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಚೀಲ ಸಿಕ್ಕಿಕೊಂಡಾಗ ಸ್ವಿಚ್ ಆಫ್ ಮಾಡಿ ಕೈ ಹಾಕಿದರೂ ಪೂರ್ತಿ ಸುರಕ್ಷಿತ ಅಲ್ಲ. ಕರೆಂಟ್ ಹೋದರೂ ಪೈಪಿನಲ್ಲಿ ಹಿಂಡಿದ ಗಾಳಿ ಉಳಿದಿರುತ್ತದೆ. ಸಿಕ್ಕಿದ ಚೀಲ ಎಳೆದ ಕೂಡಲೇ ಸಿಲಿಂಡರ್ ಛಟ್ಟನೆ ಮುಂದೆ ಬಂದು ಬೆರಳು ಜಜ್ಜಬಹುದು. ಗಾಳಿಯ ವಾಲ್ವನ್ನೂ ಮುಚ್ಚಿ, ಒಳಗಿನ ಗಾಳಿ ಬಿಟ್ಟು, ಗೇಜು ಸೊನ್ನೆಗೆ ಬಂದ ಮೇಲಷ್ಟೇ ಕೈ ಹಾಕಬೇಕು. ಇದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಬೇರೆ ರಾಜ್ಯದಿಂದ ಬಂದವರಿದ್ದರೆ ಅವರ ಭಾಷೆಯಲ್ಲಿ ಹೇಳಿಕೊಡಬೇಕು. ಮೆಷಿನ್ನಿನ ಮೇಲೆ ಚೀನೀ ಅಕ್ಷರದ ಸ್ಟಿಕ್ಕರ್ ಇದ್ದರೆ ಯಾರಿಗೂ ಉಪಯೋಗವಿಲ್ಲ.

ಮುಂಗಡ ಕೊಡುವ ಮೊದಲು

ಮಾರುವವರು ತಮ್ಮ ಚೀಲದಲ್ಲಿ ಮೆಷಿನ್ ಓಡಿಸಿ ತೋರಿಸುತ್ತಾರೆ. ಹೊಸ, ನೇರ, ನುಣುಪು ಚೀಲ. ಅದು ಓಡಿಯೇ ಓಡುತ್ತದೆ. ನಿಮ್ಮ ಚೀಲದ ಒಂದು ಕಟ್ಟನ್ನು, ಅದೂ ನಿಮ್ಮ ಗೋದಾಮಿನಲ್ಲಿ ಕೆಲವು ವಾರ ಬಿದ್ದಿದ್ದ ಕಟ್ಟನ್ನು ಕಳಿಸಿ, ಅದರಲ್ಲೇ ಓಡಿಸಿ ಅನ್ನಿ. ಎಷ್ಟು ಸಲ ಎರಡು ಚೀಲ ಬಂತು, ಎಷ್ಟು ಸಲ ಬಾಯಿ ಬಿಡಲಿಲ್ಲ ಅಂತ ಎಣಿಸಿ. ವೇಗದ ಅಂಕಿಯನ್ನು ಆ ಎಣಿಕೆಯ ಜೊತೆಗೇ ಆರ್ಡರಿನಲ್ಲಿ ಬರೆಸಿ.

ಚೀಲ ಮಾಡಿಕೊಡುವವರ ಜೊತೆಯೂ ಮಾತಾಡಬೇಕು. ಮೆಷಿನ್ನಿಗೆ ಹಾಕುವ ಚೀಲ ಅಂತ ಮೊದಲೇ ಹೇಳಿದರೆ ಅಗಲದಲ್ಲಿ ಹೆಚ್ಚು ಕಡಿಮೆ ಆಗದ ಹಾಗೆ, ಬಾಯಿ ಕರಗಿ ಅಂಟದ ಹಾಗೆ, ಎಲ್ಲ ಚೀಲ ಒಂದೇ ದಿಕ್ಕಿಗೆ ಕಟ್ಟು ಕಟ್ಟುವ ಹಾಗೆ ನೋಡಿಕೊಳ್ಳುತ್ತಾರೆ. ಒಂದು ಚೀಲಕ್ಕೆ ಕೆಲವು ಪೈಸೆ ಜಾಸ್ತಿ ಆಗಬಹುದು. ಮೆಷಿನ್ ನಿಂತು ನಿಂತು ಓಡಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಕೊನೆಗೆ ರಬ್ಬರ್ ಬಟ್ಟಲು. ಅದು ಸವೆಯುವ ವಸ್ತು. ಅಂಚು ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ, ಚೀಲ ಜಾರುತ್ತದೆ. ಅದರ ಅಳತೆ, ಮಾದರಿ ನಂಬರ್ ಬರೆಸಿಕೊಂಡು, ಒಂದು ಪೂರ್ತಿ ಸೆಟ್ ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಮಂಗಳೂರಿನಲ್ಲಿ ಅದೇ ಅಳತೆಯದು ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತಲೂ ಮೆಷಿನ್ ಬರುವ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.